ಮುಗಿಯದ ಮಧ್ಯಾಹ್ನಗಳು

ಯುಗಾದಿಯ ಬೇವುಬೆಲ್ಲ ತಿಂದ ನೆನಪು ಮಾಸುವ ಮೊದಲೇ ದೀಪಾವಳಿ ಬಂದು ನಿಲ್ಲುತ್ತದೆ, ವರ್ಷಗಳು ಎಲ್ಲಿ ಹೋಗುತ್ತಿವೆಯೋ ತಿಳಿಯುತ್ತಿಲ್ಲ ಎಂಬ ಮಾತನ್ನು ನಿವೃತ್ತರಾದವರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿರುವ ಪ್ರಕರಣವೂ ಅಲ್ಲಿಂದಲೇ ಆರಂಭವಾಯಿತು. ಸಲಹೆಗಾಗಿ ನನ್ನ ಬಳಿಗೆ ಬಂದವರು ಬಸವನಗುಡಿ ಕಡೆಯ 66 ವರ್ಷದ ನಿವೃತ್ತ ಶಿಕ್ಷಕಿ. ಪತಿ ತೀರಿಕೊಂಡು ಐದು ವರ್ಷವಾಗಿತ್ತು. ಕರೆತಂದ ಮಗನಿಗೆ ಇದ್ದದ್ದು ಮರೆವಿನ ಕಾಯಿಲೆಯ ಭಯ. ಥೈರಾಯ್ಡ್ ತೊಂದರೆ, ಬಿ12 ಕೊರತೆಗಳಿಂದಲೂ ಮರೆವು ಬರಬಹುದಾದ್ದರಿಂದ ಮೊದಲು ವೈದ್ಯರ ಬಳಿಗೆ ಕಳುಹಿಸಿದೆ. ಯಾವ ಪರೀಕ್ಷೆಯಲ್ಲೂ ದೋಷ ಕಾಣಲಿಲ್ಲ.

ಮೂರನೆಯ ಭೇಟಿಯಲ್ಲಿ ಅವರು, "ಮಧ್ಯಾಹ್ನ ಎರಡರಿಂದ ಐದರ ತನಕ ಗಡಿಯಾರ ಮುಂದಕ್ಕೇ ಹೋಗಲ್ಲ ಮೇಡಂ, ವರ್ಷ ಮಾತ್ರ ಹೇಗೆ ಹೋಯ್ತೋ ಗೊತ್ತಾಗಲ್ಲ" ಎಂದರು. ಐದು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಬದುಕಿನ ಐದನೆಯ ಒಂದು ಪಾಲು, ನಮಗೆ ಅರವತ್ತಾರನೆಯ ಒಂದು ಪಾಲು ಎಂಬ ಹಳೆಯ ಲೆಕ್ಕವನ್ನು ಹೇಳಿ ಸಮಾಧಾನಪಡಿಸಬಹುದಿತ್ತು. ಆದರೆ ಆ ಲೆಕ್ಕದೊಳಗೆ ಮನುಷ್ಯ ಮಾಡಬಹುದಾದದ್ದು ಏನೂ ಇಲ್ಲವೆಂಬುದೇ ನನ್ನ ತಕರಾರು. ಘಟನೆಗಳಿಲ್ಲದ ಹೊತ್ತು ಕಳೆಯುವಾಗ ದೀರ್ಘವೆನಿಸಿ, ಹಿಂದಿರುಗಿ ನೋಡಿದಾಗ ಚಿಕ್ಕದಾಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು; ಈಕೆಯ ಮಾತಿಗೆ ಅದೇ ಹೆಚ್ಚು ಹತ್ತಿರವಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷದ ಬಗ್ಗೆ ಅರ್ಧ ಗಂಟೆ ಮಾತನಾಡಿದವರು, ಕಳೆದ ವರ್ಷವನ್ನು ಎರಡು ವಾಕ್ಯಗಳಲ್ಲಿ ಮುಗಿಸಿದರು. ಮನೆಯ ಹತ್ತಿರವೇ ನಡೆಯುವ ಕಡಲೆಕಾಯಿ ಪರಿಷೆಗೂ ಹೋಗಲಿಲ್ಲವೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

"ಅವರಿದ್ದಾಗ ಪ್ರತಿ ವರ್ಷ ಹೋಗ್ತಿದ್ವಿ. ಈಗ ಹೋದ್ರೆ ಅವರಿಲ್ಲದ ಪರಿಷೆ ನೆನಪಲ್ಲಿ ಉಳಿದುಬಿಡುತ್ತೆ. ಅದು ಬೇಡ ಅಂತಲೇ ಹೋಗಿಲ್ಲ."

ಹೊಸದೇನನ್ನಾದರೂ ಕಲಿಯಿರಿ ಎಂಬ ಸಿದ್ಧ ಸಲಹೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಅಲ್ಲಿಯೇ ಬಿಟ್ಟೆ. ಪತಿಯ ನೆನಪಿನ ಮೇಲೆ ಬೇರೆ ನೆನಪು ಕೂರಬಾರದೆಂದು ಐದು ವರ್ಷಗಳನ್ನು ಖಾಲಿಯಾಗಿಯೇ ಕಾಯ್ದುಕೊಂಡು ಬಂದವರಿಗೆ ತರಗತಿಯೊಂದರ ವಿಳಾಸ ಕೊಡುವುದು ನನಗೆ ಒರಟುತನವಾಗಿ ಕಂಡಿತು. ದಿನವೂ ಮಲಗುವ ಮುನ್ನ, ಇಂದು ನಿನ್ನೆಗಿಂತ ಹೇಗೆ ಬೇರೆಯಾಗಿತ್ತೆಂದು ಒಂದೇ ಸಾಲು ಬರೆಯಲು ಹೇಳಿದೆ. ಏನೂ ಇರದಿದ್ದರೆ ಹಾಗೆಂದೇ ಬರೆಯಬೇಕು. ಜೊತೆಗೆ, ಹೋಗುವುದನ್ನು ಬಿಟ್ಟ ಜಾಗಗಳಲ್ಲಿ ಒಂದಕ್ಕೆ, ತಾವೇ ಆರಿಸಿಕೊಂಡು, ಒಮ್ಮೆ ಹೋಗಿಬರಬೇಕು.

ಮಗನಿಗೆ ಇದು ಹಿಡಿಸಲಿಲ್ಲ. ಅಮ್ಮನಿಗೆ ನೋವಾಗುವ ಕಡೆಗೇ ಕಳುಹಿಸುತ್ತೀರಲ್ಲ, ಭಜನಾ ಮಂಡಳಿಗೆ ಸೇರಿಸಿದರೆ ಸಾಲದೇ ಎಂದರು. ಭಜನೆಯ ಬಗ್ಗೆ ನನಗೆ ಗೌರವವಿದೆ. ಆದರೆ ಈಕೆಯ ಮನೆಯಲ್ಲಿ ಶಾಂತಿಗೆ ಕೊರತೆಯಿರಲಿಲ್ಲ, ಮತ್ತು ಅಳು ಬಂದ ದಿನವೂ ನೆನಪಿನಲ್ಲಿ ಉಳಿಯುವ ದಿನವೇ ಎಂದು ನಾನು ಈಗಲೂ ನಂಬುತ್ತೇನೆ.

ಕಾರ್ತಿಕ ಕಳೆದ ಮೇಲೆ ಅವರು ತಂದ ಪುಸ್ತಕದಲ್ಲಿ ಹಲವು ತಾರೀಖುಗಳ ಎದುರು "ಏನೂ ಇಲ್ಲ" ಎಂದೇ ಇತ್ತು. ಕಡೆಯ ಸೋಮವಾರದ ಜನಜಂಗುಳಿಗೆ ಅಂಜಿ ಮರುದಿನ ಬೆಳಿಗ್ಗೆ ಪರಿಷೆಗೆ ಹೋಗಿದ್ದರು. ಅಂದು ಒಂದು ಸಾಲಿನ ಬದಲು ಮೂರು ಇದ್ದವು: "ಒಂದು ಸೇರು ಹಸಿ ಕಡಲೆಕಾಯಿ ಕೊಂಡೆ. ಅವರಿಗೆ ಹುರಿದದ್ದೇ ಆಗಬೇಕಿತ್ತು. ನಾನು ಬೇಯಿಸಿಕೊಂಡೆ."