ಅಧಿಕಾರ ಯಾರದು, ಅಧಿಕಾರ ಎಷ್ಟು
ನಗರಸಭೆಯ ಅಧಿಕಾರವನ್ನು ಬೆಂಬಲಿಸಿದರೆ ವ್ಯಕ್ತಿಯ ಸ್ವಾತಂತ್ರ್ಯ ಹೆಚ್ಚಿರಬೇಕು, ಸರ್ಕಾರದ ಅಧಿಕಾರ ಕಡಿಮೆಯಿರಬೇಕು ಎನ್ನುವ ಲಿಬರ್ಟೇರಿಯನ್ ತತ್ತ್ವವನ್ನು ಬಿಟ್ಟುಕೊಟ್ಟಂತಾಗುತ್ತದೆಯೇ ಎಂಬ ನಿಮ್ಮ ಗೊಂದಲ, ಅಧಿಕಾರ ಯಾರ ಕೈಯಲ್ಲಿದೆ ಮತ್ತು ಅದು ಎಷ್ಟಿದೆ ಎಂಬ ಎರಡು ಪ್ರಶ್ನೆಗಳನ್ನು ಒಂದಾಗಿಸಿದ್ದರಿಂದ ಹುಟ್ಟಿರಬೇಕು. ಮೊದಲು ಎರಡನೆಯದನ್ನೇ ಕೇಳಿಕೊಳ್ಳಿ: ಈ ಅಧಿಕಾರ ಯಾವ ಸರ್ಕಾರಕ್ಕಾದರೂ ಇರತಕ್ಕದ್ದೇ? ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರವು ಅಭಿವೃದ್ಧಿಯ ಹೆಸರಿನಲ್ಲಿ ಸುಸೆಟ್ ಕೀಲೋ ಅವರ ಗುಲಾಬಿ ಬಣ್ಣದ ಪುಟ್ಟ ಮನೆಯನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ, 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ನಗರದ ಪರವಾಗಿ ತೀರ್ಪಿತ್ತಿತು. ಮನೆಗಳು ತೆರವಾದ ಮೇಲೆ ಆ ನೆಲ ವರ್ಷಗಟ್ಟಲೆ ಪಾಳು ಬಿದ್ದಿತ್ತು. ನಗರಸಭೆಯಂಥ ಹತ್ತಿರದ ಸರ್ಕಾರವೂ ನಮ್ಮ ಮನೆಯ ಹೊಸ್ತಿಲು ದಾಟಬಲ್ಲದು. ಅಧಿಕಾರ ನ್ಯಾಯವೆನಿಸಿದ ಮೇಲೆ ಮಾತ್ರ ಅದನ್ನು ಕೆಳಹಂತಕ್ಕೆ ಕೊಡಬೇಕೆಂದು ವಾದಿಸಿ. ಸ್ಥಳೀಯ ಅಧಿಕಾರ ಹಿಡಿಸದಿದ್ದರೆ ದೇಶ ಬಿಡುವುದಕ್ಕಿಂತ ಊರು ಬದಲಿಸುವುದು ಸುಲಭವೆಂಬ ಮಾತಿಗೆ ಆಗ ಬಲವಿರುತ್ತದೆ. ನಗರವೊಂದು ಹೇರಿದ ನಿಷೇಧವನ್ನು ರಾಜ್ಯ ಸರ್ಕಾರ ರದ್ದುಪಡಿಸಬಹುದೇ ಎಂಬಲ್ಲಿ ಲಿಬರ್ಟೇರಿಯನ್ನರಲ್ಲೇ ಒಮ್ಮತವಿಲ್ಲ. ವ್ಯಕ್ತಿಯ ಹಕ್ಕು ಉಳಿಯುವ ಕಡೆ ನಿಲ್ಲಿ ಎನ್ನುವುದು ನನ್ನ ಸಲಹೆ.