ಪ್ರತಿಕ್ರಿಯೆ: ಏರಿನಲ್ಲಿ ನಿಲ್ಲುವ ಹಬ್ ಮೋಟರ್ ಸೈಕಲ್

ಮಲೆನಾಡಿನ ಎಸ್ಟೇಟ್ ರಸ್ತೆಯಲ್ಲಿ 40 ಕೆಜಿ ಮೂಟೆ ಹೇರಿದರೆ ಹಬ್ ಮೋಟರ್ (ಚಕ್ರದ ನಡುವಿನ ಗುಂಬದಲ್ಲೇ ಕೂರುವ ಮೋಟರ್) ಸೈಕಲ್ ಏರಿನ ಅರ್ಧಕ್ಕೇ ನಿಲ್ಲುತ್ತದೆ, 1000 ವ್ಯಾಟಿನದು ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕೊರತೆ ವ್ಯಾಟಿನದಲ್ಲ, ಗೇರಿನದು. ಚಕ್ರ ನಿಧಾನವಾಗಿ ತಿರುಗುವಾಗ ಹಬ್ ಮೋಟರಿಗೆ ಹೋದ ಕರೆಂಟಿನಲ್ಲಿ ಬಹಳಷ್ಟು ಬರೀ ಬಿಸಿಯಾಗಿ ಹೋಗುತ್ತದೆ. ಮೋಟರ್ ಹಾಗೆ ಕಟ್ ಆಗಿ ನಿಲ್ಲದಿದ್ದರೆ ಒಳಗಿನ ತಂತಿಸುರುಳಿಯೇ ಸುಟ್ಟುಹೋಗಬಹುದಿತ್ತು.

ಪೆಡಲ್ ಅಚ್ಚಿಗೆ ಕೂರುವ ಮಿಡ್‌ಡ್ರೈವ್ ಮೋಟರ್ ಹಾಕಿಸಿ, ಅದರ ಬಲ ಚೈನ್, ಗೇರಿನ ಮೂಲಕವೇ ಚಕ್ರಕ್ಕೆ ಹೋಗುತ್ತದೆ. ಏರಿಗೆಂದು ಹಿಂದೆ 34 ಹಲ್ಲಿನ ಗೇರ್ ಇರಲಿ. ಒಟ್ಟು ಭಾರ 140 ಕೆಜಿ, ಹತ್ತಕ್ಕೊಂದರ ಏರು, ಗಂಟೆಗೆ 10 ಕಿ.ಮೀ. ವೇಗ ಅಂದರೆ ಚಕ್ರಕ್ಕೆ ಬೇಕಾದದ್ದು ಸುಮಾರು 450 ವ್ಯಾಟ್. ಅದರಲ್ಲಿ 100 ನಿಮ್ಮ ಕಾಲೇ ಕೊಡುತ್ತದೆ. ಗೇರ್ ಬದಲಿಸುವಾಗ ಥ್ರಾಟಲ್ ಬಿಡಿ, ಇಲ್ಲವಾದರೆ ಚೈನ್ ತುಂಡಾಗಬಹುದು.

ಇಳಿಜಾರಿನ ಬಗ್ಗೆ ನೀವು ಕೇಳಿಲ್ಲ, ನನಗೆ ಚಿಂತೆ ಅದರದ್ದೇ. ಮಿಡ್‌ಡ್ರೈವ್ ಮೋಟರ್ ಇಳಿಯುವಾಗ ತಡೆ ಕೊಡುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಎರಡೂ ಚಕ್ರಕ್ಕೆ 180 ಮಿ.ಮೀ. ಡಿಸ್ಕ್, ಹೈಡ್ರಾಲಿಕ್ ಬ್ರೇಕೇ ಹಾಕಿಸಿ. ಮಳೆಗಾಲದ ಕೆಸರಿನಲ್ಲಿ ಪ್ಯಾಡ್ ಬೇಗ ಸವೆಯುತ್ತದೆ, ವಾರಕ್ಕೊಮ್ಮೆ ನೋಡಿ. ಮೂಟೆಯನ್ನು ಎರಡು ಭಾಗ ಮಾಡಿ ಹಿಂಚಕ್ರದ ಇಕ್ಕೆಲದಲ್ಲಿ ತಗ್ಗಿಗೆ ಕಟ್ಟಿ. ಕ್ಯಾರಿಯರ್ ಮೇಲೆ ಎತ್ತರಕ್ಕೆ ಹೇರಿದರೆ ಏರಿನಲ್ಲಿ ಮುಂಚಕ್ರ ಏಳಬಹುದು. ವೈರ್ ಕನೆಕ್ಟರಿಗೆ ಸೇರುವ ಮುಂಚೆ ಕೆಳಕ್ಕೊಂದು ಬಾಗು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.