ವಿದೇಶದ ಶಾಲೆಗೆ ಹೊಸದಾಗಿ ಪಾಠ ಮಾಡಲು ಬಂದಿದ್ದೇನೆ. ಬ್ಯಾಂಕ್ ಖಾತೆ ಆಗುತ್ತಿಲ್ಲ, ಸಂಬಳದ ದಿನ ಬಂತು: ಏನು ಮಾಡಲಿ?

ತೊಡಕು ಬ್ಯಾಂಕಿನದ್ದಲ್ಲ, ನಿಮ್ಮ ವಾಸದ ಪರವಾನಗಿಯದ್ದು ಇರಬೇಕು. ಆ ಪರವಾನಗಿಯ ಕಾರ್ಡ್ ಕೈಗೆ ಬರುವವರೆಗೆ ಎಷ್ಟೋ ದೇಶಗಳಲ್ಲಿ ಖಾತೆಯೂ ಇಲ್ಲ, ಬಾಡಿಗೆ ಕರಾರೂ ಇಲ್ಲ. ಶಿಕ್ಷಕರ ಅರ್ಜಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಪದವಿ ಪತ್ರದ ದೃಢೀಕರಣದಲ್ಲಿ.

ಯಾವ ಕಾಗದ ಬಾಕಿ, ಈಗ ಯಾರ ಮೇಜಿನ ಮೇಲಿದೆ ಅಂತ ಶಾಲೆಯ ಎಚ್‌ಆರ್‌ಗೆ ಮೊದಲು ಇಮೇಲ್ ಹಾಕಿ. ಬಾಯಲ್ಲಿ ಕೇಳಿದರೆ ‘ಪ್ರೊಸೆಸ್‌ನಲ್ಲಿದೆ’ ಅಂದು ಸುಮ್ನೆ ಕಳಿಸುತ್ತಾರೆ.

ಬಾಕಿ ಇರುವುದು ಪದವಿ ಪತ್ರವೇ ಅಂದರೆ, ಪದವಿ ಪಡೆದ ದೇಶ, ಈಗಿರುವ ದೇಶ ಎರಡೂ 1961ರ ಹೇಗ್ ಅಪೊಸ್ಟಿಲ್ (ಬೇರೆ ದೇಶದಲ್ಲಿ ಕಾಗದ ನಡೆಯಲೆಂದು ಸರ್ಕಾರ ಹಾಕುವ ದೃಢೀಕರಣ) ಒಪ್ಪಂದದಲ್ಲಿವೆಯಾ ನೋಡಿ. ಇದ್ದರೆ ಹೆಚ್ಚಾಗಿ ಅಪೊಸ್ಟಿಲ್ ಸಾಕು. ಇಲ್ಲದಿದ್ದರೆ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ಅಪೊಸ್ಟಿಲ್ ಕೊಡುವುದು ಪದವಿ ಕೊಟ್ಟ ದೇಶವೇ. ಹಾಗಾಗಿ ಅಲ್ಲಿರುವ ನಂಬಿಕಸ್ಥರಿಗೆ ಅಧಿಕಾರ ಪತ್ರದ ಜೊತೆ ಮೂಲಪ್ರತಿ ಕಳಿಸಿ, ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲಿ. ಕಳಿಸುವ ಮುಂಚೆ ಹೆಸರು ಅಕ್ಷರಕ್ಕೆ ಅಕ್ಷರ ಹೋಲಿಸಿ. ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು, ಪದವಿ ಪತ್ರದಲ್ಲಿ ಬರೀ ಇನಿಷಿಯಲ್ ಇದ್ದರೆ ಅದಕ್ಕೇ ಅರ್ಜಿ ವಾಪಸ್ ಬರಬಹುದು. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ನಡೆಯುತ್ತದಾ ಅಂತ ಎಚ್‌ಆರ್‌ನ್ನೇ ಕೇಳಿ. ಇದು ದೇಶದಿಂದ ದೇಶಕ್ಕೆ ಬೇರೆ.

ಅಲ್ಲಿವರೆಗೆ ಸಂಬಳದ ಮುಂಗಡ ಕೇಳಿ. ಹೊಸ ಶಿಕ್ಷಕರು ಕೇಳುವುದು ಮಾಮೂಲು, ಸಂಕೋಚ ಬೇಡ. ಶಾಲೆಯ ಸಂಬಳ ಹೋಗುವ ಬ್ಯಾಂಕ್ ಶಾಖೆಗೇ ಉದ್ಯೋಗ ಪತ್ರ ಹಿಡಿದು ಹೋಗಿ. ಗೊತ್ತಿರುವ ಶಾಲೆ ಅಲ್ವಾ, ಕೆಲವೊಮ್ಮೆ ಅಷ್ಟಕ್ಕೇ ಖಾತೆ ತೆರೆಯುತ್ತಾರೆ. ಬಾಡಿಗೆ ಮನೆಯ ವಿಷಯದಲ್ಲಿ ಮಾತ್ರ, ಕಾರ್ಡ್ ಬರುವ ಮೊದಲು ವರ್ಷದ ಕರಾರಿಗೆ ಸಹಿ ಹಾಕಬೇಡಿ. ಶಾಲೆ ಕೊಟ್ಟ ತಾತ್ಕಾಲಿಕ ವಸತಿಯನ್ನೇ ಮುಂದುವರಿಸಲು ಅದೇ ಇಮೇಲ್‌ನಲ್ಲಿ ಕೇಳಿಬಿಡಿ.